ಹೊಳೆಯಲ್ಲಿ ಈಜಿದವರಿಗೂ ಸಮುದ್ರದಲ್ಲಿ ಲೈಫ್ ಜಾಕೆಟ್ ಬೇಕಾ?

ಪ್ರಶ್ನೆ: ಅಕ್ಕಾ, ಕಾಫಿ ಕುಯ್ಲು ಮುಗೀತು, ಏಪ್ರಿಲ್‌ನಲ್ಲಿ ಮನೆಯವರೆಲ್ಲ ಅಂಡಮಾನ್‌ಗೆ ಹೊರಟಿದ್ದೇವೆ. ಹ್ಯಾವ್‌ಲಾಕ್‌ನ ಎಲಿಫೆಂಟ್ ಬೀಚ್‌ನಲ್ಲಿ ಸ್ನಾರ್ಕೆಲಿಂಗ್ (ಮಾಸ್ಕ್, ಉಸಿರಾಡೋ ಕೊಳವೆ ಹಾಕಿಕೊಂಡು ನೀರಿನಲ್ಲಿ ಮುಖ ಇಟ್ಟು ಹವಳ, ಮೀನು ನೋಡೋದು) ಮಾಡಲೇಬೇಕು ಅಂತ ಮಕ್ಕಳ ಹಟ. ನಾನು ಚಿಕ್ಕಂದಿನಿಂದ ಕಾವೇರಿ ಹೊಳೆಯಲ್ಲಿ ಈಜಿದವನು. ನನಗೂ ಲೈಫ್ ಜಾಕೆಟ್, ಗೈಡ್ ಎಲ್ಲ ಬೇಕಾ? (ಸಿದ್ದಾಪುರದ ಓದುಗರು)

ಬೇಕು. ಹೊಳೆ ಬದಿಯವರು ಈ ಮಾತಿಗೆ ಸ್ವಲ್ಪ ಮುಖ ಸಿಂಡರಿಸುತ್ತಾರೆ ಅಂತ ಗೊತ್ತು. ಆದರೂ ಬೇಕು.

ಹೊಳೆ ಹರಿಯೋದು ಒಂದೇ ದಿಕ್ಕಿಗೆ. ಸುಳಿ ಎಲ್ಲಿದೆ, ಯಾವ ಬಂಡೆ ಜಾರುತ್ತದೆ, ಮಳೆ ಬಂದ ಮಾರನೇ ದಿನ ಎಲ್ಲಿ ಇಳಿಯಬಾರದು ಅನ್ನೋದೆಲ್ಲ ನಿಮ್ಮ ಕಾಲಿಗೇ ಗೊತ್ತು. ಸಮುದ್ರ ಹಾಗಲ್ಲ, ಬೆಳಿಗ್ಗೆ ಒಂದು ಕಡೆ ಎಳೆದ ನೀರು ಉಬ್ಬರ ಇಳಿತ ಬದಲಾದ ಮೇಲೆ ಇನ್ನೊಂದು ಕಡೆ ಎಳೆಯಬಹುದು. ಅದರ ಮೇಲೆ, ಹೊಳೆಯಲ್ಲಿ ನೀವು ದಡ ನೋಡುತ್ತಾ ಈಜುತ್ತೀರಿ. ಸ್ನಾರ್ಕೆಲಿಂಗ್‌ನಲ್ಲಿ ಮುಖ ಪೂರ್ತಿ ನೀರಿನೊಳಗೆ.

ಮೊದಲ ಸಲ ಹೋದಾಗ ನಾನೂ ಈಜು ಬರುತ್ತೆ ಅನ್ನೋ ಧಿಮಾಕಿನಲ್ಲಿ ಗೈಡನ್ನು ಬಿಟ್ಟು ಆಚೆ ಹೋದೆ. ಕೆಳಗೆ ಒಂದು ಗಿಳಿಮೀನು ಹವಳ ಕಚ್ಚಿ ತಿನ್ನುತ್ತಿತ್ತು. ಅಜ್ಜಿ ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸಿದ ಹಾಗೆ ಕಟಕ್ ಕಟಕ್ ಅನ್ನೋ ಸದ್ದು ನೀರೊಳಗೆ ಸ್ಪಷ್ಟವಾಗಿ ಕೇಳುತ್ತಿತ್ತು, ಅದರ ಹಿಂದೆಯೇ ಹೋಗಿ ಹೋಗಿ ತಲೆ ಎತ್ತಿದರೆ ನಮ್ಮ ದೋಣಿ ಬೆಂಕಿಪೊಟ್ಟಣದಷ್ಟು! ಗಾಬರಿಯಲ್ಲಿ ಉಸಿರೆಳೆದೆ, ಕೊಳವೆ ತುಂಬ ಉಪ್ಪುನೀರು. ಜಾಕೆಟ್ ಇತ್ತು, ಹಾಗಾಗಿ ಅಂಗಾತ ತೇಲಿಕೊಂಡು ಕೆಮ್ಮಿದೆ, ಕೈ ಬೀಸಿದೆ. ಗೈಡ್ ಬಂದು ಎಳೆದುಕೊಂಡು ಹೋದ. ಬೈಗುಳ ಬೇರೆ.

ಸ್ನಾರ್ಕೆಲಿಂಗ್ ಮಾಡುವವರು ಮುಳುಗುವಾಗ ಕೂಗುವುದೇ ಕಡಿಮೆ. ಮುಖ ಕೆಳಗೆ ಮಾಡಿ ಸುಮ್ನೆ ತೇಲುತ್ತಿರುವವರು ಮೀನು ನೋಡ್ತಿದ್ದಾರಾ, ಪ್ರಜ್ಞೆ ತಪ್ಪಿದ್ದಾರಾ ಅಂತ ದೂರದಿಂದ ಗೊತ್ತಾಗೋದಿಲ್ಲ. ಅದಕ್ಕೇ ಜೋಡಿಯಾಗಿ ಇಳಿಯಿರಿ, ಎರಡು ನಿಮಿಷಕ್ಕೊಮ್ಮೆ ತಲೆ ಎತ್ತಿ ದಡ ಎಲ್ಲಿದೆ, ಜೊತೆಯವರು ಎಲ್ಲಿದ್ದಾರೆ ನೋಡಿ. ನೀರು ಹೊರಗೆ ಎಳೆದರೆ ಅದರ ಎದುರಿಗೆ ಈಜಿ ಸುಸ್ತಾಗಬೇಡಿ, ದಡದ ಉದ್ದಕ್ಕೆ ಅಡ್ಡ ಈಜಿ, ಎಳೆತ ಕಡಿಮೆಯಾದ ಮೇಲೆ ಒಳಗೆ ಬನ್ನಿ. ಹೃದಯದ ತೊಂದರೆ, ಅಸ್ತಮಾ ಇರುವವರು ಡಾಕ್ಟರನ್ನು ಕೇಳಿಯೇ ಹೊರಡಿ. ಬೆಳಿಗ್ಗೆ ಒಂದು ಪೆಗ್ ಹಾಕಿ ಇಳಿಯೋದಂತೂ ಬೇಡವೇ ಬೇಡ.

ಇನ್ನು ಮಾಸ್ಕ್. ಪಟ್ಟಿ ಹಾಕದೆ ಮುಖಕ್ಕೆ ಒತ್ತಿಕೊಂಡು ಮೂಗಿನಿಂದ ಉಸಿರೆಳೆಯಿರಿ, ಕೈ ಬಿಟ್ಟರೂ ಬೀಳದೆ ಕಚ್ಚಿಕೊಂಡರೆ ಅದು ನಿಮ್ಮ ಅಳತೆ. ಮೀಸೆ ಇದೆಯಾ? ನಮ್ಮ ಕಡೆಯ ಗಿರಿಜಾ ಮೀಸೆಯಾದರೆ ಮಾಸ್ಕಿನೊಳಗೆ ನೀರು ಜಿನುಗುವುದು ಗ್ಯಾರಂಟಿ. ಮೀಸೆಯ ಮೇಲೆ ಸ್ವಲ್ಪ ವ್ಯಾಸಲಿನ್ ಸವರಿದರೆ ಎಷ್ಟೋ ವಾಸಿ. ಬೋಳಿಸಿ ಅಂತ ಹೇಳುವ ಧೈರ್ಯ ನನಗಿಲ್ಲ. ಬಾಯಲ್ಲಿ ಉಸಿರಾಡುವ ಅಭ್ಯಾಸವನ್ನು ಸೊಂಟದಷ್ಟು ನೀರಿನಲ್ಲೇ ಮುಗಿಸಿಕೊಳ್ಳಿ, ಕೊಳವೆಗೆ ನೀರು ಬಂದರೆ ಒಮ್ಮೆ ಜೋರಾಗಿ ಊದಿ.

ಬೆನ್ನು ಸುಡುತ್ತದೆ, ತೋಳು ಮುಚ್ಚುವ ಬಟ್ಟೆ ಹಾಕಿ. ಹವಳದ ಮೇಲೆ ಕಾಲಿಡಬೇಡಿ. ಅದೊಂದು ಜೀವ, ನಿಮ್ಮ ಕಾಲನ್ನೂ ಕೊಯ್ಯುತ್ತದೆ. ಜೆಲ್ಲಿ ಮೀನು ತಾಗಿದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ, ತಕ್ಷಣ ಗೈಡಿಗೆ ಹೇಳಿ. ಜಿಗಣೆಗೆ ಉಪ್ಪು ಹಚ್ಚಿದ ಹಾಗೆ ಇದಕ್ಕೆ ನಮ್ಮ ಕೊಡಗಿನ ಹುಳಿ ಕಾಚಂಪುಳಿ ಹಚ್ಚಬಹುದಾ ಅಂತ ಒಬ್ಬರು ಕೇಳಿದ್ದರು. ಬೇಡ ಮಾರಾಯ್ರೇ, ಅದು ಪಂದಿಕರಿಗೇ ಇರಲಿ.

ಮೊಸಳೆ? ಅಂಡಮಾನ್‌ನಲ್ಲಿ ಉಪ್ಪುನೀರಿನ ಮೊಸಳೆಗಳಿವೆ. 2010ರಲ್ಲಿ ಇದೇ ಹ್ಯಾವ್‌ಲಾಕ್‌ನ ರಾಧಾನಗರ ಬೀಚ್ ಬಳಿ ಸ್ನಾರ್ಕೆಲಿಂಗ್ ಮಾಡುತ್ತಿದ್ದ ಪ್ರವಾಸಿಯೊಬ್ಬರು ಮೊಸಳೆಗೆ ಬಲಿಯಾದರು. ದಿನಾ ಆಗುವ ಸಂಗತಿಯಲ್ಲ ನಿಜ, ಆದರೆ ಬೋರ್ಡು ಹಾಕಿದ ಕಡೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ತೊರೆಗಳ ಹತ್ತಿರ, ಮುಸ್ಸಂಜೆ ಹೊತ್ತಿನಲ್ಲಿ ನೀರಿಗಿಳಿಯಬೇಡಿ.

ಏಪ್ರಿಲ್ ಒಳ್ಳೆಯ ಸಮಯವೇ. ಮೇ ಅರ್ಧ ದಾಟಿದರೆ ಅಲ್ಲಿ ಮಳೆ ಹಿಡಿಯುತ್ತದೆ, ಹೋಗೋದಾದರೆ ಈಗಲೇ ಹೋಗಿ ಬನ್ನಿ. ಮಕ್ಕಳು ಹವಳದ ಚೂರು ಆರಿಸಿ ಬ್ಯಾಗಿಗೆ ಹಾಕಿದ್ದಾರಾ ಅಂತ ಹೊರಡುವ ದಿನ ಒಮ್ಮೆ ನೋಡಿ, ಅದು ಕಾನೂನುಬಾಹಿರ, ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದರೆ ತಲೆನೋವು.