ಸ್ಟ್ರೋಕ್ ಟಿಪ್ಪಣಿ: ಹೆಂಗಸರ ಚೇತರಿಕೆಯ ಲೆಕ್ಕ ಎಲ್ಲಿ ತಪ್ಪುತ್ತದೆ?

ಎರಡು ದಿನ ನನ್ನ ತಲೆ ಕೆಡಿಸಿದ್ದು ಒಂದೇ ವಿಷಯ. ಸ್ಟ್ರೋಕ್ ಆದ ಮೇಲೆ ಹೆಂಗಸರ ಚೇತರಿಕೆ ಗಂಡಸರಿಗಿಂತ ಕಡಿಮೆ ಅಂತ ಓದಿದೆ. ಆದರೆ ಮೆದುಳಿನ ರಕ್ತನಾಳದಲ್ಲಿ ಸಿಕ್ಕಿಕೊಂಡ ರಕ್ತದ ಹೆಪ್ಪನ್ನು ಎಳೆದು ತೆಗೆಯುವ ಥ್ರಾಂಬೆಕ್ಟಮಿಯ ಐದು ಪ್ರಯೋಗಗಳನ್ನು ಒಟ್ಟುಗೂಡಿಸಿದ 2016ರ ಹರ್ಮಿಸ್ ವಿಶ್ಲೇಷಣೆಯಲ್ಲಿ ಚಿಕಿತ್ಸೆಯ ಲಾಭ ಇಬ್ಬರಿಗೂ ಒಂದೇ ತರ ಇದೆ. ಎರಡೂ ನಿಜ ಆಗೋದು ಹೇಗೆ?

ಗಂಟು ಇದ್ದದ್ದು ರ‍್ಯಾಂಕಿನ್ ಸ್ಕೇಲ್‌ನಲ್ಲಿ, ಅಂದರೆ ದಿನನಿತ್ಯದ ಬದುಕಿಗೆ ಎಷ್ಟು ನೆರವು ಬೇಕು ಅಂತ ಅಳೆಯುವ ಅಂಕಪಟ್ಟಿಯಲ್ಲಿ. 0 ಅಂದರೆ ಯಾವ ತೊಂದರೆಯೂ ಇಲ್ಲ, 6 ಅಂದರೆ ಸಾವು. ಸಾಮಾನ್ಯವಾಗಿ ಮೂರು ತಿಂಗಳ ನಂತರ 0ರಿಂದ 2ರೊಳಗೆ ಇದ್ದರೆ ಒಳ್ಳೆಯ ಚೇತರಿಕೆ ಅಂತ ಎಣಿಸುತ್ತಾರೆ.

ಈಗ ಒಬ್ಬ ಅಜ್ಜಿಯನ್ನು ಊಹಿಸಿಕೊಳ್ಳಿ. ವಯಸ್ಸು 82, ಮಂಡಿ ನೋವು. ಕೋಲು ಹಿಡಿದು ತಾವೇ ನಡೆಯುತ್ತಾರೆ, ಆದರೆ ಅಡುಗೆ, ಅಂಗಡಿ, ದುಡ್ಡಿನ ಲೆಕ್ಕ ಎಲ್ಲ ಸೊಸೆಯದು. ಸ್ಟ್ರೋಕ್‌ಗೆ ಮೊದಲೇ ಅವರದು 3. ಸ್ಟ್ರೋಕ್ ಆಯಿತು, ಬೇಗ ಚಿಕಿತ್ಸೆ ಸಿಕ್ಕಿತು, ಮೊದಲಿನ ಹಾಗೇ ಕೋಲು ಹಿಡಿದು ಅಂಗಳಕ್ಕೆ ಬಂದರು. ಮನೆಯವರಿಗೆ ಹಬ್ಬ. ಲೆಕ್ಕದಲ್ಲಿ? 3. ಅಂದರೆ ಒಳ್ಳೆಯ ಚೇತರಿಕೆ ಅಲ್ಲ! ಔಷಧಿ ಸೋತಿಲ್ಲ, ಅಜ್ಜಿಯೂ ಸೋತಿಲ್ಲ. ಹೊರಟ ಜಾಗವೇ 3 ಆಗಿತ್ತು, ಅಲ್ವಾ?

ಹೆಂಗಸರಿಗೆ ಸ್ಟ್ರೋಕ್ ಬರೋದು ಸರಾಸರಿ ನಾಲ್ಕೈದು ವರ್ಷ ತಡವಾಗಿ. ಹಾಗಾಗಿ ಈ ಅಜ್ಜಿಯ ಹಾಗೆ ಮೊದಲೇ ನೆರವು ಬೇಕಾಗಿರುವವರು ಅವರಲ್ಲೇ ಜಾಸ್ತಿ. ಸ್ಟ್ರೋಕ್ ಆದವರಲ್ಲಿ ನೋಡಿದರೆ ಏಟ್ರಿಯಲ್ ಫೈಬ್ರಿಲೇಷನ್ (ಹೃದಯದ ಬಡಿತ ತಾಳ ತಪ್ಪುವ ತೊಂದರೆ) ಕೂಡ ಹೆಂಗಸರಲ್ಲೇ ಹೆಚ್ಚು ಕಾಣುತ್ತದೆ. ಹೃದಯದಿಂದ ಬಂದ ಹೆಪ್ಪು ದೊಡ್ಡ ರಕ್ತನಾಳವನ್ನೇ ಮುಚ್ಚಿಬಿಡಬಹುದು, ಹೊಡೆತ ಜೋರು. ವಯಸ್ಸು, ಹೊಡೆತದ ತೀವ್ರತೆ, ಮೊದಲಿನ ಸ್ಥಿತಿ ಈ ಮೂರನ್ನೂ ಸರಿದೂಗಿಸಿದರೆ ಅಂತರ ತುಂಬಾ ಕುಗ್ಗುತ್ತದೆ.

ನಾನು ಈಗ ಮಾಡೋದು ಇಷ್ಟೇ: ಸ್ಟ್ರೋಕ್‌ಗೆ ಮೊದಲಿನದು, ನಂತರದ್ದು, ಎರಡೂ ಅಂಕ ಜೊತೆಗೆ ಬರೆಯೋದು. ಅಜ್ಜಿಯದು 3ರಿಂದ 3. ಪಕ್ಕದ ಹಾಸಿಗೆಯ 60ರ ಯಜಮಾನರದು 0ಯಿಂದ 2. ಪಟ್ಟಿಯಲ್ಲಿ ಗೆದ್ದವರು ಯಜಮಾನರು. ಆದರೆ ಕಳೆದುಕೊಂಡವರೂ ಅವರೇ.

ಇನ್ನು ಹೆಪ್ಪು ಕರಗಿಸುವ ಔಷಧಿ ಆಲ್ಟೆಪ್ಲೇಸ್: ದೇಹದ ತೂಕದ ಕೆಜಿಗೆ 0.9 ಮಿಗ್ರಾಂ, ಒಟ್ಟು 90 ಮಿಗ್ರಾಂ ದಾಟಬಾರದು, ಶೇ. 10 ಮೊದಲ ನಿಮಿಷದಲ್ಲಿ, ಉಳಿದದ್ದು ಒಂದು ಗಂಟೆಯಲ್ಲಿ. ಸೂತ್ರ ಇಬ್ಬರಿಗೂ ಒಂದೇ. 2005ರ ಒಂದು ವಿಶ್ಲೇಷಣೆಯಲ್ಲಿ ಈ ಔಷಧಿ ಸಿಗದ ಹೆಂಗಸರು ಗಂಡಸರಿಗಿಂತ ಹಿಂದೆ ಇದ್ದರು, ಸಿಕ್ಕವರಲ್ಲಿ ಆ ಅಂತರ ಕಾಣಲಿಲ್ಲ. ಅದಕ್ಕೇ, ಸ್ಟ್ರೋಕ್ ಶುರುವಾದ ಮೇಲೆ ಈ ಔಷಧಿ ಕೊಡಲು ಸಾಮಾನ್ಯವಾಗಿ ಇರುವ 4.5 ಗಂಟೆಯ ಗಡುವು ನನ್ನನ್ನು ಕಾಡುತ್ತದೆ. ಗಂಡ ತೀರಿಕೊಂಡ ಮೇಲೆ ಒಂಟಿಯಾಗಿರುವ ಅಜ್ಜಿ ರಾತ್ರಿ ಬಿದ್ದರೆ ನೋಡುವವರು ಯಾರು? ಬೆಳಿಗ್ಗೆ ಹಾಲಿನವನು ಬಾಗಿಲು ತಟ್ಟಿದಾಗಲೇ ಗೊತ್ತಾಗೋದು. ಕೊನೆಯ ಸಲ ಚೆನ್ನಾಗಿದ್ದದ್ದು ಯಾವಾಗ ಅಂತ ಡಾಕ್ಟರ್ ಕೇಳಿದರೆ ಉತ್ತರ ಹೇಳುವವರೇ ಇರುವುದಿಲ್ಲ.

ಇನ್ನೊಂದು. ಸ್ಟ್ರೋಕ್ ನಂತರದ ಖಿನ್ನತೆಯೂ ಹೆಂಗಸರಲ್ಲೇ ಹೆಚ್ಚು. ವ್ಯಾಯಾಮಕ್ಕೆ ಏಳಲು ಮನಸ್ಸೇ ಬಾರದಿದ್ದರೆ ಅದನ್ನು ಸೋಮಾರಿತನ ಅಂತ ಬರೆಯಬೇಡಿ, ಖಿನ್ನತೆ ಇದೆಯಾ ಅಂತ ಕೇಳಿ ನೋಡಿ.