ನಾಗಾ ಜನರ ಮೂಲ, ನಾಗಾ ಎಂಬ ಹೆಸರು: ಎರಡನ್ನೂ ಬೇರೆ ಬೇರೆ ಓದಿಕೊಳ್ಳಿ

ಈಶಾನ್ಯ ಭಾರತ, ಮ್ಯಾನ್ಮಾರ್ ಗಡಿಯ ಬೆಟ್ಟಗಳ ನಾಗಾ ಜನರ ಕುರಿತ ಈ ಪಾಠದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ. ಈ ಜನ ಎಲ್ಲಿಂದ ಬಂದರು? ಹೆಸರು ಎಲ್ಲಿಂದ ಬಂತು? ಒಂದರ ಉತ್ತರ ಇನ್ನೊಂದಕ್ಕೆ ಆಗುವುದಿಲ್ಲ.

ಮೊದಲು ಹೆಸರು. ನಾಗ ಅಂದ ಕೂಡಲೇ ನಮಗೆ ನಾಗರಪಂಚಮಿ ನೆನಪಾಗುತ್ತೆ ಅಲ್ವಾ? ಆ ದಾರಿ ಇಲ್ಲಿ ಬೇಡ. ವಿದ್ವಾಂಸರು ಚರ್ಚಿಸುವ ವಿವರಣೆಗಳು ನಾಲ್ಕು. ಸಂಸ್ಕೃತದ ‘ನಗ’, ಅಂದರೆ ಬೆಟ್ಟ. ‘ನಗ್ನ’, ಅಂದರೆ ಬಟ್ಟೆ ಇಲ್ಲದವರು. ಬರ್ಮೀ ಭಾಷೆಯ ‘ನಾ-ಕಾ’, ಅಂದರೆ ಕಿವಿ ಚುಚ್ಚಿಸಿಕೊಂಡವರು. ಉತ್ತರದ ನಾಗಾ ಭಾಷೆಗಳಲ್ಲಿ ಜನ ಎಂಬ ಅರ್ಥದ ‘ನೊಕ್’. ಯಾವುದೂ ಸಾಬೀತಾಗಿಲ್ಲ. ನನಗೆ ‘ನೊಕ್’ ಹೆಚ್ಚು ಒಪ್ಪಿಗೆ, ಯಾಕೆಂದರೆ ಅದೊಂದೇ ಆ ಬೆಟ್ಟದವರ ಬಾಯಿಯ ಮಾತು.

ಎಲ್ಲಿಂದ ಬಂದಿದ್ದರೂ, ಈ ಹೆಸರನ್ನು ಹರಡಿದವರು ಹೊರಗಿನವರು. 1228ರ ಸುಮಾರಿಗೆ ತಮ್ಮ ನಾಯಕ ಸುಕಾಫಾನ ಜೊತೆ ಪಾಟ್ಕಾಯ್ ಬೆಟ್ಟ ದಾಟಿ ಅಸ್ಸಾಮಿಗೆ ಬಂದ ಅಹೋಮರ ಬುರಂಜಿಗಳಲ್ಲಿ, ಅಂದರೆ ಅವರ ಇತಿಹಾಸ ಗ್ರಂಥಗಳಲ್ಲಿ, ನಾಗಾ ಎಂದಿದೆ. ಮಣಿಪುರದ ಮೈತೇಯಿಗಳು ಬೆಟ್ಟದವರನ್ನು ‘ಹಾವೊ’ ಎಂದರು. ಬೆಟ್ಟದ ಒಳಗೆ ಪ್ರತಿ ಗುಂಪಿಗೂ ತನ್ನದೇ ಹೆಸರಿತ್ತು. ಅಂಗಾಮಿಗಳು ತಮ್ಮನ್ನು ತೆನ್ಯಿಮಿಯಾ ಎನ್ನುತ್ತಾರೆ, ಲೋಥಾಗಳು ಕ್ಯೋಂಗ್ ಎನ್ನುತ್ತಾರೆ.

ಈಗ ನಿಜವಾಗಿ ತೊಡಕಾಗುವ ಹೆಜ್ಜೆ. ಪುಸ್ತಕಗಳಲ್ಲಿ ‘ನಾಗಾ ಭಾಷೆಗಳು ಟಿಬೆಟೊ-ಬರ್ಮನ್ ಕುಟುಂಬಕ್ಕೆ ಸೇರಿವೆ’ ಎಂದಿರುತ್ತದೆ. ಇದನ್ನು ಓದಿದರೆ ಒಂದೇ ತಾಯಿಬೇರಿನಿಂದ ಕೊನ್ಯಾಕ್, ಆವೊ, ಅಂಗಾಮಿ ಎಂಬ ನಾಗಾ ಭಾಷೆಗಳೆಲ್ಲ ಕವಲೊಡೆದವು ಅನಿಸುತ್ತದೆ. ಹಾಗಲ್ಲ. ಆ ಕುಟುಂಬ ತುಂಬ ದೊಡ್ಡದು. ಟಿಬೆಟಿನ ಭಾಷೆ, ಬರ್ಮೀ, ಮೈತೇಯಿ ಎಲ್ಲ ಅದರಲ್ಲಿವೆ. ಅದರೊಳಗೆ ‘ನಾಗಾ’ ಎಂಬ ಒಂದು ಕೊಂಬೆ ಇದೆಯೇ ಎಂದು ಹುಡುಕಿದರೆ ಸಿಗುವುದಿಲ್ಲ. ಕೊನ್ಯಾಕ್, ಫೋಮ್, ಚಾಂಗ್, ನೊಕ್ಟೆ, ವಾಂಚೊ ಭಾಷೆಗಳನ್ನು ಹಲವು ಭಾಷಾವಿಜ್ಞಾನಿಗಳು ಬೊಡೊ, ಗಾರೊ, ಜಿಂಗ್‌ಫೊ ಪಕ್ಕಕ್ಕೆ ಇಡುತ್ತಾರೆ, ಅಂಗಾಮಿಯ ಪಕ್ಕಕ್ಕಲ್ಲ. ಅಂದರೆ ಕೊನ್ಯಾಕ್ ಭಾಷೆಯ ಹತ್ತಿರದ ನೆಂಟರು ನಾಗಾ ಅಲ್ಲದವರಲ್ಲಿದ್ದಾರೆ! ದಕ್ಷಿಣ ಕನ್ನಡದಲ್ಲಿ ತುಳು ಆಡುವವರು, ಕೊಂಕಣಿ ಆಡುವವರು ಇಬ್ಬರೂ ಕರಾವಳಿಯವರೇ, ಆದರೆ ಒಂದು ದ್ರಾವಿಡ ಭಾಷೆ, ಇನ್ನೊಂದು ಇಂಡೋ-ಆರ್ಯನ್. ನಾಗಾ ಭಾಷೆಗಳ ನಡುವಿನ ದೂರ ಅಷ್ಟಿಲ್ಲ, ಆದರೆ ವಿಷಯ ಇದೇ: ಜನರ ಗುಂಪು ಒಂದು ಲೆಕ್ಕ, ಭಾಷೆಯ ಕೊಂಬೆ ಇನ್ನೊಂದು ಲೆಕ್ಕ. ಹಾಗಾಗಿ ‘ನಾಗಾಗಳು ಯಾವಾಗ ಬಂದರು’ ಎಂಬುದಕ್ಕೆ ಒಂದೇ ಇಸವಿ ಬರೆಯಬೇಡಿ. ಬೇರೆ ಬೇರೆ ಗುಂಪುಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ದಾರಿಯಲ್ಲಿ ಬಂದಿವೆ.

ಅವರ ಸ್ವಂತ ಕಥೆಗಳೂ ಒಂದೇ ಊರನ್ನು ತೋರಿಸುವುದಿಲ್ಲ. ಆವೊಗಳ ಪ್ರಕಾರ ಚುಂಗ್ಲಿಯಿಮ್ತಿ ಎಂಬ ಊರಿನ ಆರು ಕಲ್ಲುಗಳಿಂದ ಮೂಲಪುರುಷರು, ಮೂಲಸ್ತ್ರೀಯರು ಹೊರಬಂದರು. ಅಂಗಾಮಿಗಳೂ ಅವರ ನೆಂಟ ಗುಂಪುಗಳೂ ಸೇರಿದ ತೆನ್ಯಿಮಿಯಾ ಬಳಗದ ಹಲವರಿಗೆ ಮಣಿಪುರದ ಮಾಖೇಲ್ ತಮ್ಮ ಹಿರಿಯರು ಚದುರಿಹೋದ ಜಾಗ. ಖೆಝಾಕೆನೊಮಾ ಎಂಬ ಹಳ್ಳಿಯ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಅಲ್ಲಿನ ಚಪ್ಪಟೆ ಕಲ್ಲಿನ ಮೇಲೆ ಭತ್ತ ಒಣಹಾಕಿದರೆ ಸಂಜೆಗೆ ಎರಡು ಪಟ್ಟು ಆಗುತ್ತಿತ್ತು. ಸರದಿಗಾಗಿ ಒಂದೇ ಮನೆಯ ಮಕ್ಕಳು ಜಗಳಕ್ಕೆ ಬಿದ್ದರು. ರಕ್ತ ಹರಿಯಬಾರದೆಂದು ತಂದೆತಾಯಿ ಕಲ್ಲಿಗೆ ಬೆಂಕಿ ಇಟ್ಟರು. ಅದರ ಶಕ್ತಿ ಹೊಗೆಯಾಗಿ ಹೋಯಿತು, ಮಕ್ಕಳು ದಿಕ್ಕಿಗೊಬ್ಬರಾದರು.

ಹಾಗಾದರೆ ‘ನಾಗಾ’ ಒಂದು ಜನಾಂಗದ ಹೆಸರಾದದ್ದು ಹೇಗೆ? ಮೊದಲ ಮಹಾಯುದ್ಧದಲ್ಲಿ ಅನೇಕರು ಕೂಲಿ ದಳದವರಾಗಿ ಫ್ರಾನ್ಸಿಗೆ ಹೋದರು. ಆಮೇಲೆ 1918ರಲ್ಲಿ ನಾಗಾ ಕ್ಲಬ್ ಹುಟ್ಟಿತು. 1929ರಲ್ಲಿ ಆ ಕ್ಲಬ್, ಬ್ರಿಟಿಷ್ ಸರ್ಕಾರ ಕಳಿಸಿದ ಸೈಮನ್ ಆಯೋಗಕ್ಕೆ ನಾಗಾ ಜನರ ಪರವಾಗಿ ಮನವಿ ಕೊಟ್ಟಿತು. ಹೊರಗಿನವರು ಹರಡಿದ ಹೆಸರನ್ನು ಆಗ ತಮ್ಮದಾಗಿಸಿಕೊಂಡರು. ಮಣಿಪುರದ ಅನಾಲ್, ಮೊಯೊನ್, ಮೊನ್ಸಾಂಗ್ ಜನರ ಭಾಷೆಗಳು ಟಿಬೆಟೊ-ಬರ್ಮನ್‌ನ ಇನ್ನೊಂದು ಕೊಂಬೆಯಾದ ಕುಕಿ-ಚಿನ್ ಗುಂಪಿನವು. ಆದರೂ 20ನೇ ಶತಮಾನದಲ್ಲಿ ಅವರೂ ನಾಗಾ ಎಂದು ಗುರುತಿಸಿಕೊಂಡರು.