ಮಳೆಗಾಲದ ಫ್ಲೂ ಮತ್ತು ಶಾಲೆಯ ಹಾಜರಿ

ಆರಿದ್ರಾ ಮಳೆ ಹಿಡಿದು ಕೆಲವು ವಾರಗಳಾಗುವಷ್ಟರಲ್ಲಿ ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಜ್ವರ, ಒಣಕೆಮ್ಮು, ಮೈಕೈ ನೋವು ಎಂದು ಬರುವವರು ಹೆಚ್ಚುತ್ತಾರೆ. ನಮ್ಮ ದೇಶದಲ್ಲಿ ಫ್ಲೂ ಮಳೆಗಾಲದಲ್ಲೊಮ್ಮೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಮ್ಮೆ ಏರುತ್ತದೆ. ಮಾಸ್ಕು, ರಜೆ, ತೆರೆದ ಕಿಟಕಿ ಇವುಗಳಿಂದ ನಿಜಕ್ಕೂ ಉಪಯೋಗವಿದೆಯೇ ಎಂದು ಪೋಷಕರು ಕೇಳುತ್ತಾರೆ. ಖಂಡಿತ ಇದೆ.

ದಡಾರ ಬಂದ ಒಬ್ಬರಿಂದ, ರೋಗನಿರೋಧಕ ಶಕ್ತಿಯಿಲ್ಲದ ಸಮುದಾಯದಲ್ಲಿ, 12ರಿಂದ 18 ಜನರಿಗೆ ಸೋಂಕು ತಗಲಬಹುದು. ಋತುಮಾನದ ಫ್ಲೂ ಹಾಗಲ್ಲ; ಹತ್ತು ರೋಗಿಗಳಿಂದ ಸರಾಸರಿ ಹದಿಮೂರು ಮಂದಿಗೆ ಹರಡುತ್ತದೆ. ಸುಮಾರು ಮೂರು ದಿನಕ್ಕೊಂದು ಸುತ್ತಿನಂತೆ ಹೀಗೇ ಹರಡಿದರೆ, ತಿಂಗಳೊಳಗೆ ಒಂದು ಸುತ್ತಿನ ರೋಗಿಗಳ ಸಂಖ್ಯೆ ಹತ್ತರಿಂದ ಏರಿ ನೂರಮೂವತ್ತನ್ನು ದಾಟುತ್ತದೆ. ಆದರೆ ಹರಡುವ ಅವಕಾಶಗಳಲ್ಲಿ ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚನ್ನು ತಪ್ಪಿಸಿದರೂ ಹತ್ತರಿಂದ ಹತ್ತಕ್ಕಿಂತ ಕಡಿಮೆ ಜನರಿಗೆ ತಗಲಿ, ಹಾವಳಿ ತಾನಾಗಿ ಇಳಿಮುಖವಾಗುತ್ತದೆ. ದಡಾರದ ಮುಂದೆ ಏನೂ ಅಲ್ಲದ ಎಚ್ಚರಿಕೆ ಫ್ಲೂಗೆ ಸಾಕಾಗುವುದು ಇದರಿಂದಲೇ.

2020ರಲ್ಲಿ ಜಗತ್ತು ಇದನ್ನು ಕಣ್ಣಾರೆ ಕಂಡಿತು. ಶಾಲೆ, ಸಂತೆ, ಪ್ರಯಾಣ ನಿಂತಾಗ ಕೋವಿಡ್ ಪೂರ್ತಿ ನಿಲ್ಲಲಿಲ್ಲ, ಫ್ಲೂ ಮಾತ್ರ ಬಹುಪಾಲು ದೇಶಗಳಲ್ಲಿ ಕಾಣೆಯಾದಂತಾಯಿತು. ಬಿ/ಯಮಗಾಟಾ ಎಂಬ ವೈರಾಣು ಪ್ರಭೇದವಂತೂ ಆ ವರ್ಷದ ಮಾರ್ಚ್ ನಂತರ ಖಚಿತವಾಗಿ ಪತ್ತೆಯಾಗಿಲ್ಲ; ಲಸಿಕೆಯಲ್ಲಿ ಅದರ ಅಂಶ ಇನ್ನು ಬೇಕಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ನಿರ್ಬಂಧಗಳು ಸಡಿಲವಾದ ಮೇಲೆ ಉಳಿದವು ಮರಳಿ ಬಂದವು, 2023ರ ಆರಂಭದಲ್ಲಿ ಎಚ್3ಎನ್2 ಎಂಬ ಫ್ಲೂ ಪ್ರಭೇದ ಕರ್ನಾಟಕದಲ್ಲೂ ಜೋರಾಗಿತ್ತು.

ಅಂಥ ನಿರ್ಬಂಧ ಮತ್ತೆ ಬೇಡ, ಮಕ್ಕಳ ಕಲಿಕೆಗೆ ಆದ ನಷ್ಟ ಸಣ್ಣದಲ್ಲ. ಜುಲೈ ತಿಂಗಳ ಶಾಲಾ ವಾಹನವನ್ನೊಮ್ಮೆ ಗಮನಿಸಿ: ಎಲ್ಲ ಕಿಟಕಿ ಮುಚ್ಚಿ, ಗಾಜಿನ ಒಳಮೈ ಮಬ್ಬಾಗಿ ನೀರು ಇಳಿಯುತ್ತಿರುತ್ತದೆ. ಮಕ್ಕಳ ಉಸಿರಿನ ತೇವ ಹೊರಹೋಗಲು ದಾರಿಯಿಲ್ಲವೆಂದರೆ, ಅದೇ ಉಸಿರಿನಲ್ಲಿರುವ ವೈರಾಣುವಿಗೂ ದಾರಿಯಿಲ್ಲ. ಎರಚಲು ಬಡಿಯದ ಕಡೆಯ ಕಿಟಕಿಗಳನ್ನು ಎರಡು ಬೆರಳಷ್ಟು ತೆರೆದಿಟ್ಟರೂ ಗಾಳಿಯಾಡುತ್ತದೆ. ಕೈತೊಳೆಯುವುದು ಒಳ್ಳೆಯ ಅಭ್ಯಾಸವೇ, ಆದರೆ ಅದೊಂದನ್ನೇ ನೆಚ್ಚಿಕೊಂಡರೆ ಫ್ಲೂ ನಿಲ್ಲದು.

ಅರವತ್ತು ದಾಟಿದವರು, ಗರ್ಭಿಣಿಯರು, ಆಸ್ತಮಾ ಅಥವಾ ಸಕ್ಕರೆ ಕಾಯಿಲೆ ಇರುವವರು ಮುಂಗಾರಿಗೆ ಮುನ್ನ, ಏಪ್ರಿಲ್–ಮೇ ಹೊತ್ತಿಗೆ ಲಸಿಕೆ ಹಾಕಿಸಿಕೊಳ್ಳಲಿ. ಅದರ ರಕ್ಷಣೆ ಬೆಳೆಯಲು ಎರಡು ವಾರ ಬೇಕು. ಬೇಸಿಗೆಯಲ್ಲಿ ಕಾಡಿಗೆ ಹೋಗಿಬಂದವರಿಗೆ ಜ್ವರ ಬಂದರೆ ಫ್ಲೂ ಎಂದು ಸುಮ್ಮನಿರದೆ, ಮಂಗನ ಕಾಯಿಲೆಯ ಪರೀಕ್ಷೆಗೆ ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

ನನ್ನ ದೊಡ್ಡ ಒತ್ತಾಯ ಶಾಲೆಗಳಿಗೆ. ಫ್ಲೂ ಲಕ್ಷಣ ಕಾಣಿಸುವ ಹಿಂದಿನ ದಿನದಿಂದಲೇ ಹರಡತೊಡಗಿ, ಮೊದಲ ಮೂರ್ನಾಲ್ಕು ದಿನ ಹೆಚ್ಚಾಗಿ ಹರಡುತ್ತದೆ. ಮಾತ್ರೆ ನುಂಗಿಸಿ ಕಳಿಸಿದ ಮಗುವಿನ ಜ್ವರ ತರಗತಿಯಲ್ಲಿ ಕಾಣದು, ಸೋಂಕು ಮಾತ್ರ ಜೊತೆಗೇ ಇರುತ್ತದೆ. ಔಷಧಿಯಿಲ್ಲದೆ ಇಡೀ ಒಂದು ದಿನ ಜ್ವರ ಬಾರದಿರುವವರೆಗೆ ಮಗು ಮನೆಯಲ್ಲಿರಲಿ, ಮತ್ತು ನೂರಕ್ಕೆ ನೂರು ಹಾಜರಿಗೆ ಬಹುಮಾನ ಕೊಡುವ ಪದ್ಧತಿಯನ್ನು ಮುಖ್ಯೋಪಾಧ್ಯಾಯರು ಈ ವರ್ಷವೇ ಕೈಬಿಡಲಿ.